ಬಿಎಸ್ಸಿಲಿ ಕೆಮಿಸ್ಟ್ರಿ ತಗೊಂಡ್ರೆ ಏನೇನು ಓದ್ಬೇಕು, ಜೊತೆಗಿರೋ ಸಬ್ಜೆಕ್ಟ್ ಯಾಕೆ ಅಷ್ಟು ಮುಖ್ಯ

ಪಿಯುಸಿ ರಿಸಲ್ಟ್ ಬಂದ ಮೇಲೆ ಮಕ್ಕಳೂ ಕೇಳ್ತಾರೆ, ಅಪ್ಪ ಅಮ್ಮಂದಿರೂ ಕೇಳ್ತಾರೆ, "ಬಿಎಸ್ಸಿ ಕೆಮಿಸ್ಟ್ರಿ ಹೇಗೆ, ಮಾಡಬಹುದಾ" ಅಂತ. ಮೊದಲೇ ಹೇಳಿಬಿಡ್ತೀನಿ, ನಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳ ಕೆಳಗಿರೋ ಕಾಲೇಜುಗಳಲ್ಲಿ ಬರೀ ಕೆಮಿಸ್ಟ್ರಿ ಅಂತ ಡಿಗ್ರಿ ಸಾಮಾನ್ಯವಾಗಿ ಇರಲ್ಲ. ಇರೋದು ಕಾಂಬಿನೇಷನ್. ಪಿಸಿಎಂ ಅಂದ್ರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ಸಿಬಿಝಡ್ ಅಂದ್ರೆ ಕೆಮಿಸ್ಟ್ರಿ, ಬಾಟನಿ, ಝುವಾಲಜಿ. ಇವೆರಡೂ ನಮ್ಮ ಅಪ್ಪನ ಕಾಲದಿಂದ ಇರೋವು. ಆಮೇಲೆ ಬಯೋಟೆಕ್, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ ಇಂಥವೆಲ್ಲ ಸೇರ್ಕೊಂಡು ಇನ್ನೊಂದಷ್ಟು ಕಾಂಬಿನೇಷನ್ ಆಗಿವೆ, ಒಂದೊಂದು ಕಾಲೇಜಲ್ಲಿ ಒಂದೊಂದು ಥರ.

ಬೇರೆ ಕಡೆ ಹೀಗಿಲ್ಲ. ಡೆಲ್ಲಿ ಯೂನಿವರ್ಸಿಟಿಲಿ ಕೆಮಿಸ್ಟ್ರಿ ಆನರ್ಸ್ ಅಂತ ಸೇರಿದ್ರೆ ಬಹುಪಾಲು ಕೆಮಿಸ್ಟ್ರಿನೇ ಓದೋದು. ತಮಿಳುನಾಡಲ್ಲಿ ಕೆಮಿಸ್ಟ್ರಿ ಮೇನ್, ಅದರ ಪಕ್ಕದಲ್ಲಿ ಅಲೈಡ್ ಅಂತ ಮ್ಯಾಥ್ಸೋ ಫಿಸಿಕ್ಸೋ ಸ್ವಲ್ಪ ಸ್ವಲ್ಪ. ನಮ್ಮಲ್ಲಾದ್ರೆ ಮೂರೂ ಸಬ್ಜೆಕ್ಟ್ ಸಮಸಮ ನಡ್ಕೊಂಡು ಬಂದಿದ್ವು. ಇದರಿಂದ ಒಳ್ಳೇದೂ ಇದೆ, ಕೆಟ್ಟದ್ದೂ ಇದೆ. ಡೆಲ್ಲಿ ಹುಡುಗ ಮೂರು ವರ್ಷದಲ್ಲಿ ಓದೋ ಕೆಮಿಸ್ಟ್ರಿಯಷ್ಟು ಆಳಕ್ಕೆ ನಮ್ಮ ಹುಡುಗ ಹೋಗಕ್ಕಾಗಲ್ಲ, ಟೈಮೇ ಇರಲ್ಲ. ಆದ್ರೆ ಕೆಮಿಸ್ಟ್ರಿ ಪಕ್ಕದಲ್ಲಿ ಪೂರ್ತಿ ಮ್ಯಾಥ್ಸ್ ಮತ್ತು ಫಿಸಿಕ್ಸ್ ಓದಿರೋನಿಗೆ ಎಂಎಸ್ಸಿಗೆ ಹೋದಾಗ ಕೆಲವು ಪೇಪರ್ ಸಲೀಸು. ಸಿ.ಎನ್.ಆರ್. ರಾವ್ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಓದಿ 1951ರಲ್ಲಿ ಮೈಸೂರು ಯೂನಿವರ್ಸಿಟಿ ಬಿಎಸ್ಸಿ ತಗೊಂಡವರು, ಆಮೇಲೆ ಬನಾರಸಲ್ಲಿ ಎಂಎಸ್ಸಿ, ಅಮೆರಿಕದ ಪರ್ಡ್ಯೂನಲ್ಲಿ ಪಿಎಚ್‌ಡಿ. ಅಂದ್ರೆ ಇಲ್ಲಿನ ಸಾದಾ ಬಿಎಸ್ಸಿಯಿಂದ ಎಲ್ಲಿಗೂ ಹೋಗಕ್ಕಾಗಲ್ಲ ಅನ್ನೋ ಮಾತು ಸುಳ್ಳು, ಅಷ್ಟು ಮಾತ್ರ ಹೇಳ್ತಿದೀನಿ, ಸೇರಿದವರೆಲ್ಲ ಭಾರತರತ್ನ ತಗೋತಾರೆ ಅಂತಲ್ಲ.

ಈಗ ಗೊಂದಲ ಜಾಸ್ತಿ ಆಗಿರೋದು ನಡುವೆ ಸಿಸ್ಟಮ್ಮು ಎರಡು ಸಲ ಬದಲಾಗಿದ್ದಕ್ಕೆ. 2021-22ರಲ್ಲಿ ಎನ್‌ಇಪಿ ಬಂತು, ಅಂದ್ರೆ ಕೇಂದ್ರದ ರಾಷ್ಟ್ರೀಯ ಶಿಕ್ಷಣ ನೀತಿ, ದೇಶದಲ್ಲೇ ಮೊದಲು ನಾವೇ ಜಾರಿ ಮಾಡಿದ್ದು. ಆಗ ಮೂರರ ಬದಲು ಎರಡೇ ಮುಖ್ಯ ಸಬ್ಜೆಕ್ಟ್, ಜೊತೆಗೆ ಓಪನ್ ಎಲೆಕ್ಟಿವ್, ಭಾಷೆ, ಸ್ಕಿಲ್ ಪೇಪರ್ ಅಂತ ಒಂದಷ್ಟು. ಒಂದು ವರ್ಷಕ್ಕೆ ಬಿಟ್ರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕು ಮಾಡಿದ್ರೆ ಆನರ್ಸ್. ಆಮೇಲೆ ಸರ್ಕಾರ ಬದಲಾಯ್ತು, ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯದ್ದೇ ಶಿಕ್ಷಣ ನೀತಿ ಆಯೋಗ ಮಾಡಿದ್ರು, ಅದರ ಮಧ್ಯಂತರ ವರದಿ ಇಟ್ಕೊಂಡು 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ, ಮತ್ತೆ ಮೂರು ಸಬ್ಜೆಕ್ಟ್. ಹಂಗಾಗಿ ನಿಮ್ಮ ಅಕ್ಕನೋ ಪಕ್ಕದ್ಮನೆ ಅಣ್ಣನೋ 2022ರಲ್ಲಿ ಸೇರಿ "ನಾವು ಎರಡೇ ಸಬ್ಜೆಕ್ಟ್ ಓದಿದ್ವಿ" ಅಂದ್ರೆ ಅವರು ಹೇಳೋದು ನಿಜ, ಆದ್ರೆ ಅದು ನಿಮಗೆ ಅನ್ವಯಿಸಲ್ಲ. ಡೀಮ್ಡ್ ಯೂನಿವರ್ಸಿಟಿ, ಪ್ರೈವೇಟ್ ಯೂನಿವರ್ಸಿಟಿಗಳ ಲೆಕ್ಕ ಬೇರೆ, ಅಲ್ಲಿ ನಾಲ್ಕು ವರ್ಷದ ಆನರ್ಸ್ ಇರಬಹುದು, ಕೇಳ್ಕೊಂಡೇ ಸೇರಿ.

ಎರಡು ಸಬ್ಜೆಕ್ಟಾ ಮೂರಾ ಅನ್ನೋದು ಬರೀ ಓದೋ ಭಾರದ ಪ್ರಶ್ನೆ ಅಲ್ಲ ಕಣ್ರೀ. ನಮ್ಮ ರಾಜ್ಯದ ಹೈಸ್ಕೂಲ್ ಮೇಷ್ಟ್ರ ಹುದ್ದೆಗಳನ್ನೇ ನೋಡಿ, ಹುದ್ದೆ ಕರೆಯೋದೇ ಪಿಸಿಎಂ ಟೀಚರ್, ಸಿಬಿಝಡ್ ಟೀಚರ್ ಅಂತ. ಡಿಗ್ರಿಲಿ ಯಾವ ಮೂರು ಓದಿದೀರಿ ಅನ್ನೋದರ ಮೇಲೆ ನೀವು ಯಾವ ಸಾಲಲ್ಲಿ ನಿಲ್ತೀರಿ ಅನ್ನೋದು ನಿಂತಿದೆ. ಕೆಮಿಸ್ಟ್ರಿ ಜೊತೆ ಒಂದೇ ಸಬ್ಜೆಕ್ಟ್ ಓದಿದೋರು ಯಾವ ಸಾಲಿಗೆ ಅಂತ ಎನ್‌ಇಪಿ ಟೈಮಲ್ಲಿ ಬಿಎಡ್ ಆಸೆ ಇಟ್ಕೊಂಡಿದ್ದ ಮಕ್ಕಳು ತಲೆ ಕೆಡಿಸ್ಕೊಂಡಿದ್ದು ಇದಕ್ಕೇ.

ಸರಿ, ಸಿಲಬಸ್ ಕೈಗೆ ಬಂತು ಅನ್ಕೊಳ್ಳಿ. ಮೊದಲ ಪುಟದಲ್ಲೇ ಕ್ರೆಡಿಟ್ ಅಂತ ಒಂದು ಕಾಲಮ್ ಇರತ್ತೆ, ಇದೇನು ದೊಡ್ಡ ವಿಷಯ ಅಲ್ಲ. ವಾರಕ್ಕೆ ಒಂದು ಗಂಟೆ ಥಿಯರಿ ಕ್ಲಾಸ್ ಇದ್ರೆ ಒಂದು ಕ್ರೆಡಿಟ್, ಲ್ಯಾಬಾದ್ರೆ ವಾರಕ್ಕೆ ಎರಡು ಗಂಟೆ ನಿಂತ್ರೆ ಒಂದು ಕ್ರೆಡಿಟ್. ಎನ್‌ಇಪಿ ಸಿಲಬಸ್ಸಲ್ಲಿ ಕೆಮಿಸ್ಟ್ರಿಗೆ ಥಿಯರಿ 4, ಪ್ರಾಕ್ಟಿಕಲ್ 2 ಇತ್ತು, ಅಂದ್ರೆ ವಾರಕ್ಕೆ ನಾಲ್ಕು ಗಂಟೆ ಪಾಠ ನಾಲ್ಕು ಗಂಟೆ ಲ್ಯಾಬು, ಸೆಮಿಸ್ಟರಿಗೆ 56 ಗಂಟೆ ಥಿಯರಿ. ಮೂರು ಸಬ್ಜೆಕ್ಟ್ ಬಂದ್ರೆ ಒಂದೊಂದಕ್ಕೆ ಸಿಗೋ ಪಾಲು ಕಡಿಮೆ ಆಗ್ಲೇಬೇಕಲ್ಲ. ಲ್ಯಾಬ್ ಗಂಟೆಗೆ ಕ್ರೆಡಿಟ್ಟಲ್ಲಿ ಅರ್ಧ ಬೆಲೆ ಅನ್ನೋದು ನೋಡಿ ಹುಡುಗರು ಲ್ಯಾಬ್ ಅಂದ್ರೆ ಅಷ್ಟಕ್ಕಷ್ಟೇ ಅನ್ಕೋತಾರೆ, ನನ್ನ ಪ್ರಕಾರ ಆಗಬೇಕಾಗಿರೋದು ಉಲ್ಟಾ.

ಇನ್ನು ಪೇಪರಿನ ಹೆಸರುಗಳು. ಅನಲಿಟಿಕಲ್ ಅಂಡ್ ಆರ್ಗ್ಯಾನಿಕ್ ಕೆಮಿಸ್ಟ್ರಿ ಒಂದು, ಇನಾರ್ಗ್ಯಾನಿಕ್ ಅಂಡ್ ಫಿಸಿಕಲ್ ಕೆಮಿಸ್ಟ್ರಿ ಒಂದು, ಆಮೇಲೆ ಅದೇ ಹೆಸರು ಎರಡು ಅಂತ ನಂಬರ್ ಹಾಕ್ಕೊಂಡು ಮುಂದಿನ ಸೆಮಿಸ್ಟರಲ್ಲಿ ಬರತ್ತೆ. ಹೆಸರು ನೋಡಿದ್ರೆ ಏನೂ ತಿಳಿಯಲ್ಲ. ಒಳಗಡೆ ಇರೋದು ನಾಲ್ಕು ಕವಲು, ಮೂರು ವರ್ಷ ಪೂರ್ತಿ ಅವೇ ನಾಲ್ಕು ಸುತ್ತು ಹೊಡೀತಾ ಇರತ್ತೆ, ಪ್ರತಿ ಸುತ್ತಲ್ಲಿ ಸ್ವಲ್ಪ ಆಳಕ್ಕೆ ಹೋಗತ್ತೆ.

ಅನಲಿಟಿಕಲ್ ಅಂದ್ರೆ ಇದರಲ್ಲಿ ಏನಿದೆ, ಎಷ್ಟಿದೆ ಅಂತ ಕಂಡುಹಿಡಿಯೋದು. ಇದಕ್ಕೆ ಲ್ಯಾಬಲ್ಲಿ ಮಾಡಿಸೋ ನೀರಿನ ಗಡಸುತನದ ಟೈಟ್ರೇಷನ್ನೇ ತಗೊಳ್ಳಿ. ಪಿಪೆಟ್ಟಲ್ಲಿ 50 ಮಿಲಿ ಬೋರ್‌ವೆಲ್ ನೀರು ಕೋನಿಕಲ್ ಫ್ಲಾಸ್ಕಿಗೆ ಹಾಕ್ತೀರಿ, ಅಮೋನಿಯಾ ಬಫರ್ ಸುರೀತೀರಿ, ಮೂಗು ಉರಿಯತ್ತೆ, ಅದು ಪಿಎಚ್ಚನ್ನ 10ರ ಹತ್ರ ಹಿಡಿದಿಡೋಕೆ. ಆಮೇಲೆ ಇಬಿಟಿ ಅನ್ನೋ ಇಂಡಿಕೇಟರ್ ಚಿಟಿಕೆಯಷ್ಟು, ನೀರು ವೈನ್ ಕೆಂಪು ಬಣ್ಣಕ್ಕೆ ತಿರುಗತ್ತೆ. ಈಗ ಬ್ಯೂರೆಟ್ಟಿಂದ ಇಡಿಟಿಎ ಅನ್ನೋ, ಲೋಹದ ಅಯಾನು ಹಿಡ್ಕೊಳ್ಳೋ ದ್ರಾವಣ ಬಿಡ್ತಾ ಬರಬೇಕು. ಇಡಿಟಿಎ ಮೊದಲು ಕ್ಯಾಲ್ಸಿಯಮ್ಮನ್ನ ಹಿಡ್ಕೊಳತ್ತೆ, ಬಣ್ಣ ಹಂಗೇ ಇರತ್ತೆ. ಕೊನೆಗೆ ಇಂಡಿಕೇಟರ್ ಅಪ್ಪಿಕೊಂಡು ಕೂತಿರೋ ಮೆಗ್ನೀಷಿಯಮ್ಮನ್ನೂ ಕಿತ್ಕೊಳತ್ತೆ, ಆಗ ಒಂಟಿಯಾದ ಇಂಡಿಕೇಟರ್ ತನ್ನ ಸ್ವಂತ ಬಣ್ಣ ತೋರಿಸತ್ತೆ, ನೀಲಿ. ಒಂದೇ ಒಂದು ತೊಟ್ಟಿಗೆ ಕೆಂಪಿನ ಛಾಯೆ ಪೂರ್ತಿ ಹೋಗತ್ತೆ, ಅದೇ ಎಂಡ್‌ಪಾಯಿಂಟು. 0.01 ಮೋಲಾರ್ ಇಡಿಟಿಎ ಆದ್ರೆ ಒಂದು ಮಿಲಿಗೆ ಒಂದು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕ. 20 ಮಿಲಿ ಖರ್ಚಾದ್ರೆ 50 ಮಿಲಿ ನೀರಲ್ಲಿ 20 ಮಿಲಿಗ್ರಾಂ, ಅಂದ್ರೆ ಲೀಟರಿಗೆ 400. ಕುಡಿಯೋ ನೀರಿನ ಬಿಐಎಸ್ ಸ್ಟ್ಯಾಂಡರ್ಡಲ್ಲಿ 200 ಇದ್ರೆ ಸರಿ, ಬೇರೆ ನೀರಿನ ಮೂಲವೇ ಇಲ್ಲ ಅಂದ್ರೆ 600ರ ತನಕ ಪರವಾಗಿಲ್ಲ ಅಂತ ಇದೆ. ಗೀಸರ್ ಕಾಯಿಲಿಗೆ ಬಿಳಿ ಪೊರೆ ಯಾಕೆ ಕಟ್ಟತ್ತೆ, ಸೋಪು ಯಾಕೆ ನೊರೆ ಬರಲ್ಲ, ಎಲ್ಲ ಈ ನಂಬರಲ್ಲೇ ಇದೆ. ಇಷ್ಟನ್ನ ಅರ್ಥ ಮಾಡ್ಕೊಂಡು ಒಂದ್ಸಲ ಮಾಡಿದ್ರೆ ಬಫರ್, ಕಾಂಪ್ಲೆಕ್ಸ್, ಮೊಲಾರಿಟಿ ಮೂರೂ ಒಟ್ಟಿಗೆ ತಲೆಗೆ ಹತ್ತತ್ತೆ.

ಆರ್ಗ್ಯಾನಿಕ್ ಅಂದ್ರೆ ಕಾರ್ಬನ್ ಕೆಮಿಸ್ಟ್ರಿ, ಎಲ್ರೂ ಹೆದರೋದು ಇದಕ್ಕೆ, ಯಾಕಂದ್ರೆ ಪಿಯುಸಿಲಿ ರಿಯಾಕ್ಷನ್ ಉರು ಹೊಡೆದು ಬಂದಿರ್ತಾರೆ. ಡಿಗ್ರಿಲಿ ಆ ಆಟ ನಡಿಯಲ್ಲ, ಇಲ್ಲಿ ಮೆಕಾನಿಸಂ, ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಬಾಣ ಹಾಕಿ ತೋರಿಸಬೇಕು. ಉದಾಹರಣೆಗೆ ಅನಿಲಿನ್ನಿಂದ ಪ್ಯಾರಾ ನೈಟ್ರೋ ಅನಿಲಿನ್ ಮಾಡಬೇಕು ಅಂದ್ರೆ ಸೀದಾ ನೈಟ್ರಿಕ್ ಆಸಿಡ್ ಹಾಕಿದ್ರೆ ಆಯ್ತಲ್ಲ ಅನ್ಸತ್ತೆ. ಹಾಕಿ ನೋಡಿ, ಒಂದಷ್ಟು ಸುಟ್ಟು ಡಾಂಬರಿನ ಥರ ಕಪ್ಪಾಗತ್ತೆ, ಇನ್ನೊಂದಷ್ಟರಲ್ಲಿ ಆಸಿಡ್ಡಿನ ಪ್ರೋಟಾನ್ ಹೋಗಿ ಅಮೀನಿಗೆ ಕೂತು ಅದು ಪಾಸಿಟಿವ್ ಆಗಿಬಿಡತ್ತೆ, ಆಗ ನೈಟ್ರೋ ಗುಂಪು ಮೆಟಾ ಜಾಗಕ್ಕೆ ಹೋಗತ್ತೆ. ಅದಕ್ಕೇ ಮೊದಲು ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ ಅಸಿಟನಿಲೈಡ್ ಮಾಡ್ಕೋತಾರೆ, ಅಮೀನಿನ ಚುರುಕು ಕಡಿಮೆ ಆಗತ್ತೆ, ಪಕ್ಕದ ಜಾಗಕ್ಕೆ ಅಡ್ಡ ಕೂತ್ಕೊಳತ್ತೆ, ನೈಟ್ರೋ ಹೆಚ್ಚಾಗಿ ಎದುರುಗಡೆ ಪ್ಯಾರಾಗೆ ಹೋಗತ್ತೆ, ಕೆಲಸ ಮುಗಿದ ಮೇಲೆ ಆ ಅಸಿಟೈಲ್ ಗುಂಪನ್ನ ಕಳಚಿ ಹಾಕ್ತಾರೆ. ಸುತ್ತು ದಾರಿ, ಆದ್ರೆ ಊರು ತಲುಪಿಸೋ ದಾರಿ. ಫಾರ್ಮಾ ಕಂಪನಿಗಳಲ್ಲಿ ಔಷಧಿಯ ಮಾಲಿಕ್ಯೂಲ್ ಕಟ್ಟೋದೂ ಇದೇ ಲೆಕ್ಕಾಚಾರದ ದೊಡ್ಡ ರೂಪ. ಅಸಿಟನಿಲೈಡ್ ಮಾಡೋದನ್ನ ಎಷ್ಟೋ ಕಾಲೇಜಲ್ಲಿ ಪ್ರಾಕ್ಟಿಕಲ್ಲಾಗಿ ಮಾಡಿಸ್ತಾರೆ, ಬಿಸಿ ನೀರಲ್ಲಿ ಕರಗಿಸಿ ತಣ್ಣಗಾಗೋಕೆ ಬಿಟ್ರೆ ಹೊಳೆಯೋ ಪದರು ಪದರಾಗಿ ಹರಳು ಬರೋದನ್ನ ನೋಡೋಕೆ ಚೆನ್ನಾಗಿರತ್ತೆ.

ಇನಾರ್ಗ್ಯಾನಿಕ್ಕು (ಲೋಹ, ಲವಣ ಇಂಥವುಗಳ ಕೆಮಿಸ್ಟ್ರಿ), ಫಿಸಿಕಲ್ಲು (ರಿಯಾಕ್ಷನ್ ಹಿಂದಿನ ಎನರ್ಜಿ, ವೇಗದ ಲೆಕ್ಕ) ಎರಡನ್ನೂ ಒಟ್ಟಿಗೆ ಹೇಳಿಬಿಡ್ತೀನಿ, ಯಾಕಂದ್ರೆ ಮಲೆನಾಡಿನವರಿಗೆ ಇವೆರಡೂ ಮನೆ ಅಂಗಳದಲ್ಲೇ ಸಿಗತ್ತೆ. ಅಡಿಕೆಗೆ ಕೊಳೆರೋಗ ಬರದ ಹಾಗೆ ಬೋರ್ಡೋ ದ್ರಾವಣ ಹೊಡೀತಾರಲ್ಲ, ಒಂದು ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಆ ಮೈಲುತುತ್ತ ನೀಲಿ ಯಾಕೆ? ಹರಳನ್ನ ಬಿಸಿ ಮಾಡಿ, ನೀರು ಹೋಗಿ ಬಿಳಿ ಪುಡಿ ಆಗತ್ತೆ, ಒಂದು ಹನಿ ನೀರು ಹಾಕಿ, ಮತ್ತೆ ನೀಲಿ. ಅಂದ್ರೆ ಬಣ್ಣ ಬರೀ ತಾಮ್ರದ್ದಲ್ಲ, ತಾಮ್ರದ ಸುತ್ತ ಯಾರು ಕೂತಿದಾರೆ ಅನ್ನೋದರದ್ದು. ನೀರಿನ ಮಾಲಿಕ್ಯೂಲ್ ಸುತ್ತ ಬಂದಾಗ ತಾಮ್ರದ ಡಿ ಆರ್ಬಿಟಲ್‌ಗಳು ಒಂದೇ ಮಟ್ಟದಲ್ಲಿ ಇರಲ್ಲ, ಕೆಲವು ಮೇಲೆ ಕೆಲವು ಕೆಳಗೆ ಒಡೆಯತ್ತೆ, ಎಲೆಕ್ಟ್ರಾನ್ ಕೆಳಗಿಂದ ಮೇಲಕ್ಕೆ ಹಾರೋಕೆ ಬೆಳಕಲ್ಲಿನ ಕೆಂಪು ಭಾಗ ನುಂಗತ್ತೆ, ಉಳಿದಿದ್ದು ನಮ್ಮ ಕಣ್ಣಿಗೆ ನೀಲಿ. ಅಮೋನಿಯಾ ಹಾಕಿದ್ರೆ ಆ ಅಂತರ ಇನ್ನೂ ಜಾಸ್ತಿ ಆಗತ್ತೆ, ಅದಕ್ಕೇ ಕಡುನೀಲಿ. ಝಿಂಕ್ ಸಲ್ಫೇಟ್ ಯಾಕೆ ಬಿಳಿ ಅಂದ್ರೆ ಅದರ ಡಿ ಆರ್ಬಿಟಲ್ಲೆಲ್ಲ ತುಂಬಿವೆ, ಹಾರೋಕೆ ಜಾಗನೇ ಇಲ್ಲ. ಸಿಲಬಸ್ಸಲ್ಲಿ ಇದರ ಹೆಸರು ಕ್ರಿಸ್ಟಲ್ ಫೀಲ್ಡ್ ಥಿಯರಿ.

ದ್ರಾವಣ ಸರಿಯಾಗಿದೆಯಾ ಅಂತ ನೋಡೋಕೆ ತೋಟದವರು ಕಬ್ಬಿಣದ ಕತ್ತಿ ಅದ್ದಿ ನೋಡ್ತಾರೆ. ಕತ್ತಿ ಮೇಲೆ ಕೆಂಪಗೆ ತಾಮ್ರ ಕೂತ್ರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಸುಣ್ಣದ ತಿಳಿ ಬಿಡ್ತಾರೆ. ಇದು ಅಪ್ಪಟ ಎಲೆಕ್ಟ್ರೋಕೆಮಿಸ್ಟ್ರಿ. ಕಬ್ಬಿಣದ ಸ್ಟ್ಯಾಂಡರ್ಡ್ ಪೊಟೆನ್ಷಿಯಲ್ ಮೈನಸ್ 0.44 ವೋಲ್ಟ್, ತಾಮ್ರದ್ದು ಪ್ಲಸ್ 0.34, ವ್ಯತ್ಯಾಸ 0.78, ಪಾಸಿಟಿವ್ ಬಂದಿರೋದ್ರಿಂದ ಕಬ್ಬಿಣ ಎಲೆಕ್ಟ್ರಾನ್ ಕೊಟ್ಟು ಕರಗತ್ತೆ, ತಾಮ್ರ ಎಲೆಕ್ಟ್ರಾನ್ ತಗೊಂಡು ಲೋಹ ಆಗಿ ಕೂರತ್ತೆ. ಸುಣ್ಣ ಸಾಕಷ್ಟಿದ್ರೆ ತಾಮ್ರ ಕರಗದ ರೂಪಕ್ಕೆ ಹೋಗಿರತ್ತೆ, ಕತ್ತಿಗೆ ಸಿಗೋಕೆ ನೀರಲ್ಲಿ ಹೆಚ್ಚುಕಡಿಮೆ ಏನೂ ಉಳಿದಿರಲ್ಲ. ಕ್ಲಾಸಲ್ಲಿ ಬೋರ್ಡ್ ಮೇಲೆ ಬರೀ ಈ ನಂಬರ್ ಕಳೆಯೋದನ್ನ ಹೇಳ್ಕೊಟ್ಟು ಕತ್ತಿ ವಿಷಯ ಹೇಳದೆ ಬಿಡೋದು ನನಗಂತೂ ಅನ್ಯಾಯ ಅನ್ಸತ್ತೆ, ಅದೂ ಶಿರಸಿ, ಸಾಗರ, ಕೊಪ್ಪದ ಕಾಲೇಜುಗಳಲ್ಲಿ.

ಫಿಸಿಕಲ್ಲಲ್ಲಿ ಇನ್ನೊಂದು ಭಾಗ ಇದೆ, ಅದೇ ಸಿಬಿಝಡ್ ಮಕ್ಕಳನ್ನ ಸುಸ್ತು ಮಾಡೋದು. ರಿಯಾಕ್ಷನ್ ರೇಟ್, ಥರ್ಮೋಡೈನಾಮಿಕ್ಸ್, ಕ್ವಾಂಟಮ್, ಎಲ್ಲ ಕಡೆ ಇಂಟಿಗ್ರೇಷನ್ನು, ಡಿಫರೆನ್ಷಿಯೇಷನ್ನು. ಪಾರ್ಟಿಕಲ್ ಇನ್ ಎ ಬಾಕ್ಸ್ ಅಂತ ಒಂದು ಪಾಠ ಬರತ್ತೆ, ಎಲೆಕ್ಟ್ರಾನನ್ನ ಡಬ್ಬಿಲಿ ಕೂಡಿಹಾಕಿದ್ರೆ ಅದಕ್ಕೆ ಯಾವ್ಯಾವ ಎನರ್ಜಿ ಇರಬಹುದು ಅಂತ ಶ್ರೋಡಿಂಗರ್ ಸಮೀಕರಣ ಬಿಡಿಸಬೇಕು. ಅರ್ಧ ಕ್ಲಾಸು ಡೆರಿವೇಷನ್ ಬಾಯಿಪಾಠ ಮಾಡ್ಕೊಂಡು ಬಂದು ಪರೀಕ್ಷೆಲಿ ಇಳಿಸತ್ತೆ, ಯಾತಕ್ಕೆ ಅಂತ ಗೊತ್ತಿರಲ್ಲ. ಸಿಗೋ ಉತ್ತರದ ಸಾರ ಇಷ್ಟೇ, ಡಬ್ಬಿ ಉದ್ದ ಆದಷ್ಟೂ ಎನರ್ಜಿ ಮಟ್ಟಗಳು ಹತ್ತಿರ ಹತ್ತಿರ ಬರತ್ತೆ. ಈಗ ಕ್ಯಾರೆಟ್ಟಿನ ಬೀಟಾ ಕ್ಯಾರೋಟಿನ್ ನೋಡಿ, ಅದರಲ್ಲಿ ಒಂದು ಬಾಂಡ್ ಬಿಟ್ಟು ಒಂದರಂತೆ 11 ಡಬಲ್ ಬಾಂಡ್ ಸಾಲಾಗಿವೆ, ಎಲೆಕ್ಟ್ರಾನ್‌ಗಳಿಗೆ ಅದೇ ಉದ್ದನೆ ಡಬ್ಬಿ. ಡಬಲ್ ಬಾಂಡ್ ಒಂದೇ ಇರೋ ಎಥಿಲೀನ್ ಕಣ್ಣಿಗೆ ಕಾಣದ ಯುವಿ ಬೆಳಕು ಮಾತ್ರ ಹೀರತ್ತೆ, ಹಂಗಾಗಿ ಬಣ್ಣ ಇಲ್ಲ. ಕ್ಯಾರೋಟಿನ್ನಲ್ಲಿ ಮಟ್ಟಗಳ ಅಂತರ ಕಿರಿದಾಗಿ ಅದು ನೀಲಿ ಬೆಳಕು ಹೀರತ್ತೆ, ಕ್ಯಾರೆಟ್ ಕಿತ್ತಳೆ ಬಣ್ಣಕ್ಕೆ ಕಾಣತ್ತೆ. ಲೆಕ್ಕ ಪೂರ್ತಿ ಕರಾರುವಾಕ್ಕಾಗಿ ಕೂರಲ್ಲ, ಮಾಡೆಲ್ ಒರಟು, ಆದ್ರೆ ದಿಕ್ಕು ಸರಿ. ಪಿಯುಸಿಲಿ ಮ್ಯಾಥ್ಸ್ ಇಲ್ಲದೆ ಬಂದೋರು ಮೊದಲ ಸೆಮಿಸ್ಟರಲ್ಲೇ ಸ್ವಲ್ಪ ಕ್ಯಾಲ್ಕುಲಸ್ ಕಲ್ತುಬಿಟ್ರೆ ಈ ಕಷ್ಟ ಮುಕ್ಕಾಲು ಪಾಲು ಕಡಿಮೆ, ಲಾಗ್, ಎಕ್ಸ್‌ಪೊನೆನ್ಷಿಯಲ್, ಸುಲಭದ ಇಂಟಿಗ್ರೇಷನ್ ಬಂದ್ರೆ ಬಿಎಸ್ಸಿ ಮಟ್ಟಕ್ಕೆ ಬಹುತೇಕ ಸಾಕು.

ಸ್ಪೆಕ್ಟ್ರೋಸ್ಕೋಪಿ, ಅಂದ್ರೆ ಬೆಳಕಿನಂಥ ಅಲೆ ಹಾಯಿಸಿ ಮಾಲಿಕ್ಯೂಲ್ ಹೇಗಿದೆ ಅಂತ ತಿಳಿಯೋದು, ಅದರ ಬಗ್ಗೆ ಜಾಸ್ತಿ ಹೇಳಲ್ಲ. ಐಆರ್, ಎನ್‌ಎಂಆರ್ ಎಲ್ಲ ಪಾಠದಲ್ಲಿ ಇರತ್ತೆ, 1700ರ ಹತ್ರ ಗೆರೆ ಬಂದ್ರೆ ಕಾರ್ಬೊನಿಲ್ ಅಂತ ಹುಡುಗರು ನಿದ್ದೆಲೂ ಹೇಳ್ತಾರೆ, ಆದ್ರೆ ತಾಲೂಕು ಕಾಲೇಜಲ್ಲಿ ಎನ್‌ಎಂಆರ್ ಮೆಷಿನ್ ಕನಸಿನ ಮಾತು, ಪ್ರಿಂಟ್ ಹಾಕಿದ ಸ್ಪೆಕ್ಟ್ರಮ್ ನೋಡಿ ಬಿಡಿಸೋದೇ ಗತಿ.

ಲ್ಯಾಬಿಗೆ ಬರೋಣ. ಪ್ರಾಕ್ಟಿಕಲ್ ಅಂದ್ರೆ ರೆಕಾರ್ಡು, ವೈವಾ, ಇಂಟರ್ನಲ್ಸು, ಇದಿಷ್ಟು ಎಲ್ರಿಗೂ ಗೊತ್ತು. ಗೊತ್ತಿದ್ದೂ ಯಾರೂ ಬಾಯಿ ಬಿಡದ ವಿಷಯ ರೀಡಿಂಗ್ ಅಡ್ಜಸ್ಟ್ ಮಾಡೋದು. ಮೂರು ಸಲ ಟೈಟ್ರೇಟ್ ಮಾಡಿ ಒಂದೇ ಥರ ಬಂದ ವ್ಯಾಲ್ಯೂ ಬರೀಬೇಕು, ನಮ್ಮೋರು ಒಂದು ಮಾಡಿ ಉಳಿದೆರಡನ್ನ ಅದರ ಕೆಳಗೆ ಹಂಗೇ ಇಳಿಸ್ತಾರೆ, ಇಲ್ಲಾಂದ್ರೆ ಸೀನಿಯರ್ ರೆಕಾರ್ಡ್ ಇದ್ದೇ ಇದೆ. ಕಾಲೇಜಲ್ಲಿ ನಡೆಯತ್ತೆ. ಆಮೇಲೆ ಜಿಗಣಿಯಲ್ಲೋ ನಂಜನಗೂಡಲ್ಲೋ ಬೀದರಲ್ಲೋ ಔಷಧಿ ಕಂಪನಿಲಿ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಕೆಮಿಸ್ಟ್ ಅಂತ ಸೇರ್ತಾರಲ್ಲ, ಅಲ್ಲಿ ದಿನವಿಡೀ ಮಾಡೋದು ಇಂಥದ್ದೇ ಕೆಲಸ, ಎಚ್‌ಪಿಎಲ್‌ಸಿ ಅನ್ನೋ, ಬೆರೆತಿದ್ದನ್ನ ಬೇರ್ಪಡಿಸಿ ಅಳೆಯೋ ಮೆಷಿನ್ ಓಡಿಸೋದು, ಟೈಟ್ರೇಷನ್ನು, ತೂಕ ಹಾಕೋದು, ಮತ್ತೆ ಪ್ರತಿ ರೀಡಿಂಗು ಆ ಕ್ಷಣದಲ್ಲೇ ದಾಖಲಾಗಬೇಕು, ಹೊಡೆದು ಹಾಕಿದ್ರೆ ಸಹಿ ಮತ್ತು ಕಾರಣ ಬರೀಬೇಕು. ಆಡಿಟ್ಟಲ್ಲಿ ಒಂದು ಸುಳ್ಳು ನಂಬರ್ ಸಿಕ್ಕಿದ್ರೆ ಕಂಪನಿಯ ಬ್ಯಾಚೇ ನಿಲ್ಲತ್ತೆ. ಇಂಟರ್‌ವ್ಯೂಲಿ ನಾರ್ಮಾಲಿಟಿ ಮೊಲಾರಿಟಿ ವ್ಯತ್ಯಾಸ ಕೇಳಿದ್ರೇನೇ ಅರ್ಧ ಜನ ತಡವರಿಸ್ತಾರೆ, ಅದು ಮೊದಲ ಸೆಮಿಸ್ಟರ್ ಪಾಠ.

ಕೆಲಸದ ಮಾತು ಬಂತಲ್ಲ, ಫಾರ್ಮಾ ಬಿಟ್ರೆ ಪೇಂಟು, ಗೊಬ್ಬರ, ಪೆಟ್ರೋಕೆಮಿಕಲ್, ನೀರು ಮತ್ತು ಆಹಾರ ಟೆಸ್ಟಿಂಗ್ ಲ್ಯಾಬು, ಎಲ್ಲ ಕಡೆ ಕೆಮಿಸ್ಟ್ ಬೇಕು. ಎಲೆಕ್ಷನ್ನಲ್ಲಿ ಬೆರಳಿಗೆ ಹಾಕೋ ಶಾಯಿ ಮೈಸೂರಿನ ಸರ್ಕಾರಿ ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿಯಲ್ಲೇ ತಯಾರಾಗೋದು, ಅದರಲ್ಲಿರೋದು ಸಿಲ್ವರ್ ನೈಟ್ರೇಟ್, ಚರ್ಮಕ್ಕೆ ತಾಗಿ ಬೆಳಕು ಬಿದ್ರೆ ಕಪ್ಪಾಗತ್ತೆ. ಇದೇ ಸಿಲ್ವರ್ ನೈಟ್ರೇಟಿಂದ ಕ್ಲೋರೈಡ್ ಟೈಟ್ರೇಷನ್ ಮಾಡಿದ ಯಾವ ಬಿಎಸ್ಸಿ ಹುಡುಗನ ಬೆರಳು ನೋಡಿದ್ರೂ ಆ ಕಲೆ ಗುರುತು ಸಿಗತ್ತೆ, ಓಟು ಹಾಕೋಕೆ ಮುಂಚೆನೇ.

ಮುಂದೆ ಓದೋರಿಗೆ ಎಂಎಸ್ಸಿ. ನಮ್ಮ ಯೂನಿವರ್ಸಿಟಿಗಳಿಗೆ ಅವರವರದ್ದೇ ಅಡ್ಮಿಷನ್ ಇದೆ, ಐಐಟಿಗೆ ಜ್ಯಾಮ್ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು, ಮೂರು ಗಂಟೆ, 60 ಪ್ರಶ್ನೆ, 100 ಮಾರ್ಕ್ಸು. ಪರೀಕ್ಷೆ ಫೆಬ್ರವರಿಲಿ, ಫಾರ್ಮ್ ಅದಕ್ಕೆ ಹಿಂದಿನ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೇ ಬರತ್ತೆ, ಅಂದ್ರೆ ಐದನೇ ಸೆಮಿಸ್ಟರಲ್ಲಿ ಇರುವಾಗಲೇ ಹಾಕ್ಬೇಕು, ಎಷ್ಟೋ ಜನ ಆರನೇ ಸೆಮಿಸ್ಟರ್ ಮುಗಿಸ್ಕೊಂಡು ವಿಚಾರಿಸ್ತಾರೆ, ಅಷ್ಟೊತ್ತಿಗೆ ಬಸ್ಸು ಹೋಗಿರತ್ತೆ. ಪಿಯುಸಿಯಿಂದಲೇ ರಿಸರ್ಚ್ ಕಡೆ ಮನಸ್ಸಿರೋರು ಬೆಂಗಳೂರಿನ ಐಐಎಸ್‌ಸಿ ನೋಡಬಹುದು, 2011ರಿಂದ ಅಲ್ಲಿ ನಾಲ್ಕು ವರ್ಷದ ಬಿಎಸ್ ಇದೆ, ಕೆಮಿಸ್ಟ್ರಿ ಮೇಜರ್ ತಗೋಬಹುದು. ಐಸರ್‌ಗಳಲ್ಲಿ (ಇವೂ ಕೇಂದ್ರದ ವಿಜ್ಞಾನ ಸಂಸ್ಥೆಗಳು) ಐದು ವರ್ಷದ ಬಿಎಸ್-ಎಂಎಸ್. ಮೇಷ್ಟ್ರಾಗಬೇಕು ಅಂತ ಈಗಲೇ ಗಟ್ಟಿ ಮಾಡ್ಕೊಂಡಿರೋರಿಗೆ ಮೈಸೂರಿನ ಆರ್‌ಐಇಲಿ (ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್) ಬಿಎಸ್ಸಿ ಬಿಎಡ್ ಎರಡೂ ಸೇರಿ ನಾಲ್ಕೇ ವರ್ಷ, ಬೇರೆ ಬೇರೆ ಮಾಡಿದ್ರೆ ಐದು.

ಕಾಲೇಜು ಆರಿಸೋವಾಗ ಬಿಲ್ಡಿಂಗು, ಬಸ್ಸು ನೋಡ್ತಾರೆ, ಕೆಮಿಸ್ಟ್ರಿ ಲ್ಯಾಬ್ ಒಳಗೆ ಹೋಗಿ ನೋಡಲ್ಲ. ಹೋಗಿ. ಒಂದು ಬ್ಯಾಚಿಗೆ ಎಷ್ಟು ಜನ, ಒಬ್ಬೊಬ್ಬರಿಗೆ ಒಂದೊಂದು ಬ್ಯೂರೆಟ್ ಸಿಗತ್ತಾ ಇಲ್ಲ ಮೂರು ಜನಕ್ಕೆ ಒಂದಾ, ಹೊಗೆ ಎಳೆಯೋ ಫ್ಯೂಮ್ ಹುಡ್ ಫ್ಯಾನ್ ತಿರುಗತ್ತಾ, ಡಿಸ್ಟಿಲ್ಡ್ ವಾಟರ್ ಯಾವಾಗ್ಲೂ ಇರತ್ತಾ, ಗೆಸ್ಟ್ ಲೆಕ್ಚರರ್ ಸೆಮಿಸ್ಟರ್ ಶುರುವಾಗಿ ಎಷ್ಟು ದಿನಕ್ಕೆ ಬರ್ತಾರೆ, ಇದನ್ನ ಅಲ್ಲಿ ಓದ್ತಿರೋ ಮಕ್ಕಳನ್ನೇ ಕೇಳಿ, ನಿಜ ಹೇಳ್ತಾರೆ. ಮತ್ತೆ ಸಿಬಿಝಡ್ ತಗೊಳ್ಳೋರು ಒಂದು ವಿಷಯ ಗಮನಿಸಿ, ಕೆಲವು ಎಂಎಸ್ಸಿ, ಪಿಎಚ್‌ಡಿ ಪ್ರೋಗ್ರಾಮ್‌ಗಳಿಗೆ ಪಿಯುಸಿಲೋ ಡಿಗ್ರಿಲೋ ಮ್ಯಾಥ್ಸ್ ಓದಿರಬೇಕು ಅಂತ ಕಂಡೀಷನ್ ಇರತ್ತೆ. ಪಿಯುಸಿಲಿ ಪಿಸಿಎಂಬಿ ಓದಿದ್ರೆ ಆ ಮಾರ್ಕ್ಸ್ ಕಾರ್ಡ್ ಸಾಕಾಗತ್ತೆ, ಚಿಂತೆ ಇಲ್ಲ. ಮ್ಯಾಥ್ಸ್ ಬಿಟ್ಟು ಬಂದಿದ್ರೆ ನೀವು ಹೋಗಬೇಕು ಅನ್ಕೊಂಡಿರೋ ಎಂಎಸ್ಸಿಯ ಎಲಿಜಿಬಿಲಿಟಿ ಪುಟ ಈಗಲೇ ತೆಗೆದು ಓದಿ, ಕಾಂಬಿನೇಷನ್ ಕಾಲಮ್ ಆಮೇಲೆ ತುಂಬಿ.